ಎಡಗಡೆಯ ಹಿಂದಿನ ಬಾಗಿಲು

ಸಿಡ್ನಿಗೆ ಬಂದ ಎರಡನೇ ವರ್ಷ ನಾವು ಕಾರು ಕೊಳ್ಳಲು ಹೊರಟಾಗ ನಾವಿದ್ದ ಟೂಂಗಾಬಿ ಬಡಾವಣೆಯ ಕನ್ನಡದವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದು, ಜಪಾನಿನದನ್ನೇ ತೆಗೆದುಕೊಳ್ಳಿ ಎಂದು. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ರಿಪೇರಿಗೆ ಬರುವುದಿಲ್ಲ, ಮಾರುವಾಗ ಕೈ ಕಚ್ಚುವುದಿಲ್ಲ. ನನ್ನ ಗಂಡ ಸಾಫ್ಟ್‌ವೇರ್ ಮನುಷ್ಯ. ಹನ್ನೊಂದು ಕಾರುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಹಸಿರು, ಹಳದಿ, ಕೆಂಪು ಬಣ್ಣ ಬಳಿದು, ಎರಡು ವಾರ ಅದರ ಮುಂದೆ ತಪಸ್ಸಿಗೆ ಕೂತಿದ್ದರು. ಕೊನೆಗೆ ನಮ್ಮ ಪಾಲಿಗೆ ಬಂದದ್ದು ಆ ಪಟ್ಟಿಯಲ್ಲೇ ಇಲ್ಲದ ಕಾರು. ಅದಕ್ಕೆ ಕಾರಣ ನನ್ನ ಬಾಯಿ.

ನಮ್ಮ ಬಾಡಿಗೆ ಮನೆಯ ಪಕ್ಕದ ಮನೆಯ ಮುಂದೆ ಒಂದು ದೊಡ್ಡ ನೀಲಿ ಸೆಡಾನ್ ನಿಂತಿರುತ್ತಿತ್ತು. ಅಷ್ಟು ಉದ್ದದ ಕಾರನ್ನು ನಾನು ಮದುವೆ ಮನೆಗಳ ಮುಂದೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಅದರ ಯಜಮಾನರು ಮಂಗಳೂರು ಕಡೆಯ ಒಬ್ಬ ಕ್ಯಾಥೊಲಿಕ್ ಅಂಕಲ್. ಹೆಂಡತಿ ತೀರಿಕೊಂಡ ಮೇಲೆ ಮೆಲ್ಬರ್ನ್ ಬಿಟ್ಟು ಇಲ್ಲಿ ಮಗಳ ಮನೆಗೆ ಬಂದಿದ್ದರು. ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ಇಂಗ್ಲಿಷ್, ನನ್ನೊಡನೆ ಕನ್ನಡ. ಪ್ರತಿ ಶನಿವಾರ ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದು ಕಾರು ತೊಳೆಯುತ್ತಿದ್ದರು. ತೊಳೆದಾದ ಮೇಲೆ ಅವರು ಮಾಡುತ್ತಿದ್ದ ಒಂದು ಕೆಲಸ ನನ್ನ ತಲೆ ಕೊರೆಯತೊಡಗಿತು. ಎಡಗಡೆಯ ಹಿಂದಿನ ಬಾಗಿಲನ್ನು ತೆರೆದು, ಕಿವಿ ಬಗ್ಗಿಸಿ, ಮುಚ್ಚುತ್ತಿದ್ದರು. ಮತ್ತೆ ತೆರೆದು ಮುಚ್ಚುತ್ತಿದ್ದರು. ಮೂರು ಸಲ. ಉಳಿದ ಮೂರು ಬಾಗಿಲುಗಳಿಗೆ ಈ ಮರ್ಯಾದೆ ಇರಲಿಲ್ಲ.

ಬೇರೆಯವರ ವಿಷಯಕ್ಕೆ ಮೂಗು ತೂರಿಸಬಾರದು ಎಂದು ನನಗೆ ಚಿಕ್ಕಂದಿನಿಂದ ಹೇಳಿದವರು ಬಹಳ ಜನ. ಯಾರ ಮಾತೂ ನಾಟಿಲ್ಲ. ನಾಲ್ಕನೇ ಶನಿವಾರ ಬೇಲಿಯ ಹತ್ತಿರ ಹೋಗಿ ನಿಂತೆ.

"ಎಂತ ನೋಡುದು ಮಾರಾಯ್ತಿ? ಕಾರು ನೋಡ್ಲಿಲ್ವಾ ಇಷ್ಟರವರೆಗೆ?" ಎಂದರು ಅಂಕಲ್.

"ಕಾರು ನೋಡಿದೀನಿ ಅಂಕಲ್. ಅದೊಂದೇ ಬಾಗಿಲಿಗೆ ಏನು ಸ್ಪೆಷಲ್ಲು?"

ಅವರು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ ನನ್ನನ್ನು ಹತ್ತಿರ ಕರೆದರು. ಬಾಗಿಲು ಮುಚ್ಚಿದರು. ಧಪ್ ಎಂದು ಒಂದು ಸದ್ದು. ಭಾರವಾದ ಪುಸ್ತಕವನ್ನು ಮಡಿಸಿದ ಹಾಗೆ, ಚೂರೂ ಗಲಗಲ ಇಲ್ಲದ ಸದ್ದು.

"ಕೇಳಿತಲ್ಲ? ಇದು ನಾನು ಹಾಕಿದ ಬಾಗಿಲು."

ಆವತ್ತು ನಾನು ಅಕ್ಕಿ ತೊಳೆದಿಟ್ಟು ಬಂದಿದ್ದೆ ಎನ್ನುವುದು ಮರೆತೇ ಹೋಯಿತು. ಮೆಲ್ಬರ್ನಿನ ಉತ್ತರದ ಅಂಚಿನಲ್ಲಿ ಒಂದು ದೊಡ್ಡ ಅಮೆರಿಕನ್ ಕಂಪನಿಯ ಕಾರ್ಖಾನೆ ಇತ್ತು. ಅಂಕಲ್ ಅಲ್ಲಿ ಇಪ್ಪತ್ತೇಳು ವರ್ಷ ದುಡಿದಿದ್ದರು. ಕಾರಿನ ಬೇರೆ ಯಾವ ಭಾಗವನ್ನೂ ಅವರು ಮುಟ್ಟಿದವರಲ್ಲ. ಸಾಲಿನಲ್ಲಿ ಒಂದರ ಹಿಂದೊಂದು ಸರಿದು ಬರುವ ಕಾರುಗಳಿಗೆ ಎಡಗಡೆಯ ಹಿಂದಿನ ಬಾಗಿಲನ್ನು ಕೂರಿಸಿ, ಸಂದು ಸಮವಾಗಿದೆಯೇ ಎಂದು ಬೆರಳಾಡಿಸಿ ನೋಡಿ, ಮುಂದಕ್ಕೆ ಬಿಡುವುದು. ಅಷ್ಟೇ. ಬಲಗಡೆಯ ಬಾಗಿಲು ಹಾಕಲು ಬರುತ್ತದೆಯೇ ಎಂದು ಕೇಳಿದೆ. "ಅದು ಬೇರೆ ಡಿಪಾರ್ಟ್‌ಮೆಂಟು" ಎಂದರು, ಗಂಭೀರವಾಗಿ.

ಆ ಕಾರ್ಖಾನೆ ಮುಚ್ಚಿ ಆಗಲೇ ಕೆಲವು ವರ್ಷಗಳಾಗಿದ್ದವು. ಈಗ ಅಂಕಲ್ಲರ ಕಣ್ಣೂ ಮಂಜಾಗುತ್ತ ಬಂದು, ಡಾಕ್ಟರು ಲೈಸೆನ್ಸ್ ಮುಂದುವರಿಸಲು ಒಪ್ಪಿರಲಿಲ್ಲ. ಕಾರು ಮಾರಬೇಕಿತ್ತು. ಮಗಳು ಜಾಹೀರಾತು ಕೊಟ್ಟಳು, ಬಂದ ಗಿರಾಕಿಗಳನ್ನೆಲ್ಲ ಅಂಕಲ್ ಓಡಿಸಿದರು. ಒಬ್ಬ ಬಾನೆಟ್ಟಿನ ಮೇಲೆ ಬೆರಳಲ್ಲಿ ಕುಟ್ಟಿದನಂತೆ. ಇನ್ನೊಬ್ಬ ಕಾರನ್ನು ಮುಟ್ಟುವ ಮೊದಲೇ ಎಷ್ಟು ಓಡಿದೆ ಎಂದನಂತೆ. ಮತ್ತೊಬ್ಬ ಬಾಗಿಲನ್ನು ಕಾಲಿನಿಂದ ಮುಚ್ಚಿದನಂತೆ. ಅವನನ್ನು ಗೇಟಿನ ತನಕ ಬೈದುಕೊಂಡು ಹೋದದ್ದನ್ನು ನಾನೇ ಕಿಟಕಿಯಿಂದ ನೋಡಿದೆ.

ನನಗೆ ಆ ಕಾರು ಸಿಕ್ಕಿದ್ದು ಒಂದು ಪ್ರಶ್ನೆಯಿಂದ. "ಅಂಕಲ್, ಈ ಕಾರಿನ ಬಾಗಿಲು ನೀವೇ ಹಾಕಿದ್ದು ಅಂತ ನಿಮಗೆ ಹೇಗೆ ಗೊತ್ತು?"

ಅವರ ಮಗಳು ಹಿಂದಿನಿಂದ ನನಗೆ ಕಣ್ಸನ್ನೆ ಮಾಡಿದಳು, ಆ ವಿಷಯ ಬೇಡ ಎಂಬಂತೆ. ಅಂಕಲ್ ಮಾತ್ರ ಸಿಟ್ಟಾಗಲಿಲ್ಲ. ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವಳು ನಾನೊಬ್ಬಳೇ ಎಂದು ಕುರ್ಚಿ ಎಳೆದು ಕೂರಿಸಿದರು.

ಸಾಲಿನಲ್ಲಿ ಕೆಲಸ ಮಾಡುವವರಿಗೆಲ್ಲ ಒಂದು ಕಳ್ಳ ಗುರುತು ಇರುತ್ತಿತ್ತಂತೆ. ಬಾಗಿಲಿನ ಒಳಗಡೆಯ ಹೊದಿಕೆ ಕೂರಿಸುವ ಮೊದಲು, ಬರಿಯ ತಗಡಿನ ಮೇಲೆ ಮೇಣದ ಬಳಪದಿಂದ ಒಂದು ಗೀಟು. ಮೇಲಿನವರು ಕಂಡರೆ ಬೈಗುಳ. ಆದರೂ ಎಲ್ಲರೂ ಬರೆಯುತ್ತಿದ್ದರು. ಅಂಕಲ್ಲರ ಗುರುತು ಹಳದಿ ಬಣ್ಣದ ಒಂದು ಪುಟ್ಟ ಶಿಲುಬೆ. ಅವರದು ಬೆಳಗಿನ ಪಾಳಿ. ಮಧ್ಯಾಹ್ನದ ಪಾಳಿಯಲ್ಲಿ ಅದೇ ಜಾಗಕ್ಕೆ ಬರುತ್ತಿದ್ದವನು ವಿಯೆಟ್ನಾಮಿನವನು. ಅವನ ಬಗ್ಗೆ ಅಂಕಲ್ಲರಿಗೆ ಒಂದು ಒಳ್ಳೆಯ ಮಾತೂ ಇರಲಿಲ್ಲ. ಉಪಕರಣಗಳನ್ನು ತಿರುಗಾ ಮುರುಗಾ ಇಡುತ್ತಿದ್ದ, ಅವಸರದವನು, ಅವನು ಹಾಕಿದ ಬಾಗಿಲು ಬಿಸ್ಕೆಟ್ ಡಬ್ಬದ ಮುಚ್ಚಳ.

"ಈ ಕಾರು ಯಾವ ಪಾಳಿಯಲ್ಲಿ ಬಂತೋ ನನಗೆ ಗೊತ್ತಿಲ್ಲ. ಆದ್ರೆ ಸದ್ದು ಕೇಳಿದ್ರೆ ಗೊತ್ತಾಗುದಿಲ್ವಾ? ನನ್ನ ಕೈ ನನಗೆ ಗೊತ್ತಾಗುದಿಲ್ವಾ?"

"ಹೊದಿಕೆ ಬಿಚ್ಚಿ ನೋಡಿಬಿಟ್ರೆ ಆಯ್ತಲ್ಲ ಅಂಕಲ್? ನಾನೇ ಬಿಚ್ಚಿ ಕೊಡ್ತೀನಿ."

"ಬೇಡ." ಆ ಮಾತು ಬಂದ ವೇಗಕ್ಕೆ ನಾನು ಕುರ್ಚಿಯಲ್ಲಿ ಹಿಂದೆ ಸರಿದೆ. ಆಮೇಲೆ ಅವರೇ ಹೇಳಿದರು: "ಶಿಲುಬೆ ಇದ್ರೆ ಒಳ್ಳೇದು. ಇಲ್ಲದಿದ್ರೆ? ಅಷ್ಟು ವರ್ಷ ಬಾಗಿಲು ಹಾಕಿದೆ ಮಾರಾಯ್ತಿ, ಎಲ್ಲ ಎಲ್ಲೆಲ್ಲೋ ಹೋಯ್ತು. ನನ್ನ ಹತ್ರ ಇರುದು ಇದೊಂದು."

ಕಾರನ್ನು ನನಗೆ ಕೊಡುವುದಕ್ಕೆ ಅವರು ಹಾಕಿದ ಕರಾರೂ ಅದೊಂದೇ. ಆ ಬಾಗಿಲನ್ನು ಬಿಚ್ಚಿ ನೋಡಕೂಡದು. ದೇವರಾಣೆ ಎಂದೆ. ನಿನ್ನ ದೇವರೋ ನನ್ನ ದೇವರೋ ಎಂದರು. ಇಬ್ಬರ ಮೇಲೂ ಆಣೆ ಇಟ್ಟೆ.

ನನ್ನ ಗಂಡನ ಮುಖ ವಾರಗಟ್ಟಲೆ ಸಪ್ಪಗಿತ್ತು. ಕಾರು ಬಂದ ಮೇಲೆ ನನಗೆ ಆ ಕಂಪನಿಯ ಹುಚ್ಚು ಹಿಡಿಯಿತು. ಲೈಬ್ರರಿಯಿಂದ ಪುಸ್ತಕ ತಂದೆ, ಹಳೆಯ ಜಾಹೀರಾತುಗಳನ್ನು ಹುಡುಕಿ ನೋಡಿದೆ, ಊಟಕ್ಕೆ ಕೂತಾಗ ತಿಳಿದದ್ದನ್ನೆಲ್ಲ ಬಡಿಸಿದೆ. "ನಿಂಗೆ ಕಾರು ಬೇಕಿತ್ತಾ, ಚರಿತ್ರೆ ಬೇಕಿತ್ತಾ?" ಎಂದು ಅವರು ಕೇಳುವಷ್ಟು. ಶ್ರೀಮಂತರ ಆಟಿಕೆಯಾಗಿದ್ದ ಕಾರನ್ನು ಸಾಮಾನ್ಯರ ಅಂಗಳಕ್ಕೆ ತಂದ ಕಂಪನಿ ಅದು. ಕೆಲಸಗಾರ ಕಾರಿನ ಸುತ್ತ ಓಡಾಡುವ ಬದಲು ಕಾರೇ ಕೆಲಸಗಾರನ ಮುಂದೆ ಸರಿದು ಬರಲಿ ಎಂದು ಸಾಲು ಕಟ್ಟಿತು. ಮೊದಮೊದಲು ಇಲ್ಲಿಗೆ ಬಿಡಿಭಾಗಗಳು ಹಡಗಿನಲ್ಲಿ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಆಮೇಲೆ ಇಲ್ಲೇ ಕಾರ್ಖಾನೆ ಎದ್ದಿತು. ಯಾರೋ ರೈತನ ಹೆಂಡತಿ, ಭಾನುವಾರ ಚರ್ಚಿಗೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯುವುದಕ್ಕೂ ಆಗುವಂಥ ಒಂದೇ ಗಾಡಿ ಮಾಡಿಕೊಡಿ ಎಂದು ಕಾಗದ ಬರೆದಳಂತೆ. ಹಿಂದೆ ತೆರೆದ ಡಬ್ಬಿಯ, ಮುಂದೆ ಕಾರಿನ ಮುಖದ ಗಾಡಿ ಹುಟ್ಟಿದ್ದು ಹಾಗೆ ಎಂದು ಇಲ್ಲಿಯವರು ಈಗಲೂ ಹೇಳುತ್ತಾರೆ. ನನಗೆ ಆ ಹೆಂಗಸಿನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು.

ಇಳಿಗಾಲದ ಕಥೆ ಪುಸ್ತಕಕ್ಕಿಂತ ಅಂಕಲ್ಲರ ಬಾಯಲ್ಲೇ ಚೆನ್ನಾಗಿತ್ತು. ಪೆಟ್ರೋಲ್ ತುಟ್ಟಿಯಾಯಿತು. ಹೊರಗಿನ ಕಾರುಗಳ ಮೇಲಿನ ಸುಂಕ ಇಳಿಯಿತು. ಜನ ಸಣ್ಣ ಕಾರಿಗೆ, ಆಮೇಲೆ ಎತ್ತರದ ಕಾರಿಗೆ ಮನಸ್ಸು ಕೊಟ್ಟರು. ಅಮೆರಿಕದಿಂದ ಬಂದ ಸಾಹೇಬರು ಕಾರ್ಖಾನೆಯ ಟೋಪಿ ಹಾಕಿಕೊಂಡು ಸಾಲನ್ನು ನೋಡಿ, ಬೆನ್ನು ತಟ್ಟಿ, ವಿಮಾನ ಹತ್ತಿದರು. ಎರಡು ಪಾಳಿ ಇದ್ದದ್ದು ಒಂದಾಯಿತು. ಕಾರ್ಖಾನೆಯ ಹೊರಗಿನ ಕಾರ್ ಪಾರ್ಕಿನಲ್ಲಿ ವರ್ಷ ವರ್ಷವೂ ಖಾಲಿ ಜಾಗ ಹೆಚ್ಚಿತು. ಅದೇ ಕಂಪನಿ ಈಗಲೂ ಈ ದೇಶದಲ್ಲಿ ಗಾಡಿ ಮಾರುತ್ತದೆ, ಚೆನ್ನಾಗಿಯೇ ಮಾರುತ್ತದೆ. ಅವು ಬೇರೆ ದೇಶದಲ್ಲಿ ತಯಾರಾಗಿ ಹಡಗಿನಲ್ಲಿ ಬರುತ್ತವೆ. ಮತ್ತೆ ಹಡಗಿಗೇ ಬಂತು ನೋಡಿ.

ಕೊನೆಯ ದಿನದ ಬಗ್ಗೆ ಅಂಕಲ್ ಒಂದೇ ಸಲ ಹೇಳಿದ್ದು. ಕೊನೆಯ ಕಾರಿಗೆ ಬಾಗಿಲು ಹಾಕಿದರು, ಕಾರು ಮುಂದೆ ಸರಿಯಿತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವರ ಕೈ ಮಾತ್ರ ತಾನೇ ತಾನಾಗಿ ಮುಂದಿನ ಬಾಗಿಲಿಗೆ ಚಾಚಿತು. ಅಲ್ಲಿ ಏನೂ ಇರಲಿಲ್ಲ. ಅವರಿಗೆ ನಾಚಿಕೆಯಾಯಿತಂತೆ, ಯಾರಾದರೂ ನೋಡಿದರೋ ಎಂದು.

ನನಗೆ ಇದೆಲ್ಲ ಹೊಸದಲ್ಲ. ನಾನು ಬೆಳೆದದ್ದೂ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಸೈರನ್ನು ಕೂಗಿದರೆ ಊರು ಏಳುತ್ತಿತ್ತು, ಊರು ಉಣ್ಣುತ್ತಿತ್ತು. ನಮ್ಮನ್ನು ಒಳಗೆ ಬಿಡುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ. ಅಪ್ಪ ತಮ್ಮ ಲೇತ್ ಮಿಷಿನ್ನನ್ನು ಒರೆಸಿ, ಬಾಳೆಕಂದು ಕಟ್ಟಿ, ವಿಭೂತಿ ಹಚ್ಚಿ, ನಮ್ಮನ್ನು ಅದರ ಮುಂದೆ ನಿಲ್ಲಿಸಿ ಕೈ ಮುಗಿಸುತ್ತಿದ್ದರು. ಅವರು ಮನೆಯಲ್ಲಿ ದೇವರ ಮುಂದೆ ಅಷ್ಟು ಹೊತ್ತು ಕಣ್ಣು ಮುಚ್ಚಿ ನಿಂತದ್ದನ್ನು ನಾನು ನೋಡಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ನಾನು ಯಾವ ಹಬ್ಬ ಬಿಟ್ಟರೂ ಆಯುಧಪೂಜೆ ಬಿಟ್ಟಿಲ್ಲ.

ಕ್ಲೇಟನ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿ ನಾವು ಮೆಲ್ಬರ್ನಿಗೆ ಹೊರಟಾಗ ಕಾರು ತಾನು ಹುಟ್ಟಿದ ಊರಿಗೇ ವಾಪಸಾಯಿತು. ಒಂದು ಭಾನುವಾರ ನಾನು ಆ ಕಾರ್ಖಾನೆ ಹುಡುಕಿಕೊಂಡು ಹೋದೆ. ಉದ್ದನೆಯ ಶೆಡ್ಡುಗಳು, ತಂತಿ ಬೇಲಿ, ಒಂದು ಕಡೆ ಯಾರದೋ ಗೋದಾಮಿನ ಲಾರಿಗಳು. ಅಲ್ಲಿಂದಲೇ ಅಂಕಲ್ಲರಿಗೆ ಫೋನ್ ಮಾಡಿ ಕಂಡದ್ದನ್ನು ಹೇಳಿದೆ. ಗೇಟಿನ ಪಕ್ಕದ ನೀಲಗಿರಿ ಮರ ಇದೆಯಾ ಎಂದು ಮಾತ್ರ ಕೇಳಿದರು. ಇತ್ತು. ಆ ಹೊತ್ತಿಗೆ ಅವರಿಗೆ ಎದುರಿಗಿದ್ದವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ಫೋನ್ ಬಂದಾಗಲೆಲ್ಲ ಮೊದಲ ಮಾತು ಕಾರಿನದು, ಎರಡನೆಯದು ಬಾಗಿಲಿನದು.

ಆಣೆಯನ್ನು ನಾನು ಉಳಿಸಿಕೊಂಡಿದ್ದೆ. ಸುಲಭವಾಗಿತ್ತು ಎಂದು ಹೇಳಲಾರೆ. ಒಂದು ಸಲ ಸ್ಕ್ರೂಡ್ರೈವರ್ ಹಿಡಿದು ಆ ಬಾಗಿಲಿನ ಮುಂದೆ ಕೂತು, ನನ್ನನ್ನು ನಾನೇ ಬೈದುಕೊಂಡು ಎದ್ದು ಬಂದಿದ್ದೆ.

ಕಳೆದ ಆಯುಧಪೂಜೆಯ ದಿನ ಅನಾಹುತವಾಯಿತು. ಅದರ ಹಿಂದಿನ ವರ್ಷ ಮೆಲ್ಬರ್ನಿನ ಗಾಳಿಗೆ ಚೆಂಡುಹೂವಿನ ಹಾರ ಕಿತ್ತುಹೋಗಿ ಪಕ್ಕದವರ ಗಟಾರಕ್ಕೆ ಬಿದ್ದಿತ್ತು. ಈ ಸಲ ಬುದ್ಧಿ ಉಪಯೋಗಿಸಿದೆ. ಹೂವನ್ನು ಹತ್ತಿಯ ದಾರದ ಬದಲು ಮೀನು ಹಿಡಿಯುವ ನೈಲಾನ್ ದಾರದಲ್ಲಿ ಪೋಣಿಸಿದೆ. ಹಾರದ ಒಂದು ತುದಿಯನ್ನು ಎಡಗಡೆಯ ಹಿಂದಿನ ಕಿಟಕಿಯೊಳಗೆ ಬಿಟ್ಟು ಗಾಜು ಏರಿಸಿದೆ, ಭದ್ರವಾಗಿರಲಿ ಎಂದು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ತೆಂಗಿನಕಾಯಿ ಒಡೆಯಲು ಬಗ್ಗಿದಾಗ ಒಳಗೆ ಕೂತಿದ್ದ ನಮ್ಮ ಮಗಳು ಪ್ರಸಾದ ಇಸಿದುಕೊಳ್ಳಲು ಗುಂಡಿ ಒತ್ತಿ ಗಾಜು ಇಳಿಸಿದಳು. ಹಾರ ಸರಸರ ಬಾಗಿಲಿನೊಳಗೆ ಇಳಿದು ಹೋಯಿತು. ಗಾಬರಿಯಲ್ಲಿ ಮತ್ತೆ ಏರಿಸಿದಳು. ಒಳಗೇನೋ ಟಕ್ ಎಂದಿತು. ಗಾಜು ಒಂದೇ ಸಲಕ್ಕೆ ಬಾಗಿಲಿನ ಹೊಟ್ಟೆಗೆ ಕುಸಿಯಿತು.

"ಅಮ್ಮಾ, ಇಟ್ಸ್ ಗಾನ್," ಎಂದಳು ಮಗಳು.

ನನಗೆ ಬಂದ ಕೋಪವನ್ನು ಯಾರ ಮೇಲೆ ಹಾಕುವುದೋ ತಿಳಿಯದೆ ಗಂಡನ ಮೇಲೆ ಹಾಕಿದೆ. ಅವರು ಆಗ ತೆಂಗಿನಕಾಯಿ ಹಿಡಿದು ಸುಮ್ಮನೆ ನಿಂತಿದ್ದರು, ಪಾಪ. ಮೋಡ ಕಟ್ಟಿಕೊಂಡು ಬರುತ್ತಿತ್ತು. ಕಿಟಕಿ ತೆರೆದುಕೊಂಡೇ ಇತ್ತು. ಬಾಗಿಲು ಬಿಚ್ಚದೆ ಬೇರೆ ದಾರಿ ಇರಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರ ಒಯ್ದರೂ ಅವನೂ ಬಿಚ್ಚುವವನೇ. ಆಣೆ ಇಟ್ಟವಳು ನಾನು, ಕೇಳಬೇಕಾದವಳೂ ನಾನೇ ಎಂದು ಟೂಂಗಾಬಿಗೆ ಫೋನ್ ಮಾಡಿದೆ.

ಎಲ್ಲವನ್ನೂ ಕೇಳಿದ ಅಂಕಲ್ ಮೊದಲು ನಕ್ಕರು. "ಹೂವಿನ ಹಾರವಾ? ಬಾಗಿಲಿನ ಒಳಗೆ?" ಎಂದು ಎರಡು ಸಲ ಕೇಳಿದರು. ಆಮೇಲೆ ನಗು ನಿಂತಿತು. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಮೆಕ್ಯಾನಿಕ್ಕಿಗೆ ಕೊಡ್ಲಾ ಅಂಕಲ್? ಅವನು ಏನು ನೋಡಿದ್ರೂ ನಮಗೆ ಹೇಳಬೇಡ ಅಂತೀನಿ."

"ಅವ ಎಂತ ಮಾಡಿಯಾನು, ಕ್ಲಿಪ್ಪು ಮುರಿದು ಹಾಕಿಯಾನು. ಸ್ಕ್ರೂಡ್ರೈವರ್ ಉಂಟಾ ನಿನ್ನ ಹತ್ರ? ಫೋನು ಸ್ಪೀಕರಿಗೆ ಹಾಕಿ ಕೆಳಗೆ ಇಡು."

ಮುಂದಿನ ಒಂದು ಗಂಟೆ ಕಣ್ಣು ಕಾಣದ ಅಂಕಲ್ ಸಿಡ್ನಿಯಲ್ಲಿ ಕೂತು ನನ್ನ ಕೈಯಿಂದ ಕೆಲಸ ಮಾಡಿಸಿದರು. ಹಿಡಿಕೆಯ ಒಳಗೆ ಒಂದು ಸ್ಕ್ರೂ, ಅದರ ಮೇಲೆ ಮುಚ್ಚಳ ಇರುತ್ತದೆ, ಉಗುರಿನಲ್ಲಿ ಎಬ್ಬಿಸು. ಕೆಳಗಿನಿಂದ ಶುರು ಮಾಡು, ಎಳೆಯಬೇಡ, ಅಂಗೈ ಕೊಟ್ಟು ಒತ್ತು. ಒಂದೊಂದು ಕ್ಲಿಪ್ಪು ಬಿಡುವ ಸದ್ದನ್ನೂ ಅವರು ಅಲ್ಲಿಂದಲೇ ಎಣಿಸುತ್ತಿದ್ದರು. "ಇನ್ನೊಂದು ಬಾಕಿ ಉಂಟು, ಮೂಲೆಯಲ್ಲಿ," ಎಂದರೆ ಮೂಲೆಯಲ್ಲಿ ಇನ್ನೊಂದು ಇದ್ದೇ ಇರುತ್ತಿತ್ತು. ಹೊದಿಕೆ ಕೈಗೆ ಬಂತು. ಅದರ ಹಿಂದೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ. ಅದನ್ನು ಮೆಲ್ಲಗೆ ಬಿಡಿಸಿದೆ. ಬರಿಯ ನೀಲಿ ತಗಡು ಕಂಡಿತು.

ಶಿಲುಬೆ ಇರಲಿಲ್ಲ. ಮಧ್ಯದಲ್ಲಿ ಬಿಳಿಯ ಬಳಪದ ಮೂರು ಅಡ್ಡಗೆರೆಗಳಿದ್ದವು.

ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು. ಆಮೇಲೆ ಮೆತ್ತಗೆ, "ಉಂಟಾ?" ಎಂದರು.

"ಇದೆ ಅಂಕಲ್," ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ.

"ಹಳದಿಯಾ?"

"ಹೂಂ, ಹಳದಿ."

"ಎಲ್ಲಿ ಉಂಟು?"

"ಇಲ್ಲೇ, ನಟ್ಟ ನಡುವೆ."

ನನ್ನ ಕಿವಿ ಬಿಸಿಯಾಯಿತು.

"ನಾನು ಯಾವತ್ತೂ ನಡುವೆ ಬರೀಲಿಲ್ಲ ಮಾರಾಯ್ತಿ. ಕೆಳಗೆ, ಕೀಲಿನ ಹತ್ರ, ಮೂಲೆಯಲ್ಲಿ ಬರೀತಿದ್ದೆ. ಸುಳ್ಳು ಹೇಳಬೇಡ. ಎಂತ ಉಂಟು ಅಲ್ಲಿ, ಸರಿಯಾಗಿ ಹೇಳು."

ಮೂರು ಬಿಳಿ ಗೆರೆ ಎಂದೆ. ಮಧ್ಯದ್ದು ಉದ್ದವಾ ಎಂದು ಕೇಳಿದರು. ಹೌದು, ಮಧ್ಯದ್ದು ಉದ್ದ.

"ಅವನದ್ದು," ಎಂದರು ಅಂಕಲ್. "ಮಧ್ಯಾಹ್ನದ ಪಾಳಿಯವನದ್ದು."

ನಾನು ಏನೇನೋ ತೊದಲಿದೆ. ಪಕ್ಕದಲ್ಲಿ ನಾನೊಂದು ಶಿಲುಬೆ ಬರೆದುಬಿಡಲೇ ಎಂದೂ ಕೇಳಿದೆ. ಪೂಜೆಯ ತಟ್ಟೆಯಲ್ಲಿ ಅರಿಸಿನ ಇತ್ತು, ಹಳದಿಯೇ ಆಗುತ್ತಿತ್ತು. ಅವರು ನನ್ನ ಮೇಲೆ ಸಿಟ್ಟಾದದ್ದು ಆ ಒಂದೇ ಸಲ.

"ಅವ ಹಾಕಿದ ಬಾಗಿಲಿಗೆ ನನ್ನ ಗುರುತಾ? ಎಂತ ಮಾತಾಡ್ತೀ ನೀನು? ಅದನ್ನು ಮುಟ್ಟಬೇಡ. ಮಳೆ ಬರುವ ಮೊದಲು ಗಾಜು ಕೂರಿಸು."

ಕೂರಿಸಿದೆವು. ಗಾಜನ್ನು ಏರಿಸಿ ಇಳಿಸುವ ರಾಟೆಗೆ ಸುತ್ತಿಕೊಂಡಿದ್ದ ನೈಲಾನ್ ದಾರವನ್ನು ಕತ್ತರಿಸಿ ತೆಗೆದೆ, ಜಜ್ಜಿದ ಚೆಂಡುಹೂವುಗಳನ್ನು ಒಂದೊಂದಾಗಿ ಹೆಕ್ಕಿದೆ. ಗಾಜನ್ನು ಎತ್ತಿ ಹಿಡಿಯಲು ಗಂಡ ಬಂದರು. ಗಾಜು ಹಿಡಿತಕ್ಕೆ ಕೂತ ಸದ್ದು ಕೇಳಿ ಅಂಕಲ್ ಹೂಂ ಎಂದರು. ಹಾಳೆ ಅಂಟಿಸುವ ಮೊದಲು ಆ ಮೂರು ಗೆರೆಗಳನ್ನು ಇನ್ನೊಮ್ಮೆ ನೋಡಿದೆ. ಅವಸರದವನ ಗೆರೆಗಳಲ್ಲ. ಮೂರೂ ಒಂದಕ್ಕೊಂದು ಸಮವಾಗಿದ್ದವು.

"ಈಗ ಬಾಗಿಲು ಹಾಕು. ಫೋನು ಹತ್ರ ಹಿಡಿ."

ಧಪ್.

"ಇನ್ನೊಮ್ಮೆ."

ಮೂರು ಸಲ ಹಾಕಿದೆ. ಮೂರನೆಯದರ ನಂತರ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ನನಗೂ ಅಳು ಬಂದುಬಿಟ್ಟಿತ್ತು, ಮುಚ್ಚುಮರೆ ಏಕೆ.

"ಅವನ ಬಾಗಿಲು ಡಬ್ಬ ಅಂತ ಇಡೀ ಫ್ಯಾಕ್ಟರಿಗೆ ಹೇಳಿಕೊಂಡು ಬಂದೆ. ನನ್ನ ಹೆಂಡ್ತಿಗೆ ಹೇಳಿದೆ, ನಿನಗೆ ಹೇಳಿದೆ. ನನ್ನ ಬಾಗಿಲಿನ ಸದ್ದು ಕೇಳಿ ಅಂತ ಎಲ್ಲರನ್ನೂ ಕರೆದು ಕೇಳಿಸಿದ್ದು ಅವನದ್ದನ್ನೇ. ಎಷ್ಟು ಒಳ್ಳೆ ಕೆಲಸ ಮಾಡ್ತಿದ್ದ ನೋಡು ಆ ಮನುಷ್ಯ. ಅವನಿಗೆ ಒಂದು ದಿನ ಹೇಳಲಿಲ್ಲ ನಾನು."

"ಹುಡುಕೋಣ ಅಂಕಲ್. ನಾನು ಇಲ್ಲೇ ಇದೀನಲ್ಲ, ವಿಚಾರಿಸ್ತೀನಿ. ಅವರ ಹೆಸರೇನು?"

"ಗೊತ್ತಿಲ್ಲ ಮಾರಾಯ್ತಿ. ಅವನ ಹೆಸರು ನನ್ನ ನಾಲಗೆಗೆ ಬರ್ತಿರಲಿಲ್ಲ, ನನ್ನದು ಅವನಿಗೆ ಬರ್ತಿರಲಿಲ್ಲ. ನಾನು ವಿಯೆಟ್ನಾಂ ಅಂತ ಕರೀತಿದ್ದೆ, ಅವ ಇಂಡಿಯಾ ಅಂತ ಕರೀತಿದ್ದ. ಅಷ್ಟೂ ವರ್ಷ ಹಾಗೆಯೇ." ಆಮೇಲೆ ಹೇಳಿದರು: "ಇನ್ನು ಯಾರಾದ್ರೂ ಆ ಬಾಗಿಲಿನ ಸದ್ದು ಕೇಳಿದ್ರೆ ಅವನದ್ದು ಅಂತ ಹೇಳಬೇಕು ನೀನು. ಮರೀಬಾರದು."

ಈ ಸಲ ಯಾವ ದೇವರ ಮೇಲೂ ಆಣೆ ಕೇಳಲಿಲ್ಲ.

ಮೊನ್ನೆ ಬಾಕ್ಸ್ ಹಿಲ್‌ನಲ್ಲಿ ಒಂದು ಟ್ರೇನಿಂಗ್ ಮುಗಿಸಿ ಬರುವಾಗ ನಮ್ಮ ಲ್ಯಾಬಿನ ಇಬ್ಬರನ್ನು ಹತ್ತಿಸಿಕೊಂಡೆ. ಹಿಂದೆ ಎಡಗಡೆ ಕೂತವಳು ಬಾಗಿಲು ಮುಚ್ಚಿ, ಹಳೆಯ ಕಾರಾದರೂ ಎಷ್ಟು ಗಟ್ಟಿ ಎಂದಳು. ಹೇಳಿದೆ. ಮನೆಗೆ ಬಂದು ಟೂಂಗಾಬಿಗೆ ಫೋನ್ ಮಾಡಿ, ಹೇಳಿದೆನೆಂದೂ ಹೇಳಿದೆ.

"ಅವನದ್ದು ಅಂತ ಹೇಳಿದ್ಯಾ?"

"ಹೇಳಿದೆ ಅಂಕಲ್. ವಿಯೆಟ್ನಾಂನವರೊಬ್ಬರು ಹಾಕಿದ್ದು, ತುಂಬಾ ಒಳ್ಳೆ ಕೆಲಸಗಾರರು ಅಂದೆ. ಯಾರು ಹೇಳಿದ್ದು ಅಂತ ಕೇಳಿದ್ಲು. ಇಂಡಿಯಾ ಹೇಳಿದ್ದು ಅಂದೆ."